ಗುಜರಿಗೆ ಹೋದ ಸಾಕ್ಷಿ: ದಕ್ಷಿಣ ಕನ್ನಡ ಜಿಲ್ಲಾಧಿಕಾರಿಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರಿಗೆ, ನಮಸ್ಕಾರ.

ಕಳೆದ ತಿಂಗಳು ನಗರದ ಬಹುಮಹಡಿ ಕಟ್ಟಡವೊಂದರ ಅಂಗಳದಲ್ಲಿ ಅಣಕು ಕಾರ್ಯಾಚರಣೆ ನಡೆಯಿತು. ನಾನೂ ಹೋಗಿದ್ದೆ. ಯಾರೂ ಕರೆದಿರಲಿಲ್ಲ, ನಿವೃತ್ತ ಎಂಜಿನಿಯರುಗಳಿಗೆ ಕರೆಯದೆ ಹೋಗುವ ಚಟ ಇರುತ್ತದೆ. ಉಗ್ರರು ತಳಮಹಡಿಯಲ್ಲಿ ಬಾಂಬ್ ಸಿಡಿಸಿದ್ದಾರೆ, ಕಟ್ಟಡದ ಒಂದು ಪಾರ್ಶ್ವ ಕುಸಿದಿದೆ ಎಂಬುದು ಅಂದಿನ ಕಥೆ. ಪೊಲೀಸರು ಹಗ್ಗ ಕಟ್ಟಿದರು. ಅಗ್ನಿಶಾಮಕ ದಳ ಏಣಿ ಎತ್ತಿತು. ಶ್ವಾನದಳ ಬಂತು, ಆಂಬುಲೆನ್ಸ್ ಕೂಗಿತು, ಗಾಯಾಳುಗಳ ಪಾತ್ರ ವಹಿಸಿದ ಕಾಲೇಜು ಹುಡುಗರು ನಗು ತಡೆದುಕೊಂಡು ಸ್ಟ್ರೆಚರಿನಲ್ಲಿ ಮಲಗಿದರು. ಕೊನೆಗೆ ಒಂದು ಜೆಸಿಬಿ ಬಂದು, ಕುಸಿದ ಕಟ್ಟಡವೆಂದು ಸುರಿದಿಟ್ಟಿದ್ದ ಒಂದು ಲೋಡ್ ಕೆಂಪುಕಲ್ಲಿನ ಚೂರನ್ನು ಟಿಪ್ಪರಿಗೆ ತುಂಬಿ ಜಾಗವನ್ನು ಚೊಕ್ಕ ಮಾಡಿತು. ಒಟ್ಟು ಒಂದು ಗಂಟೆ ಇಪ್ಪತ್ತು ನಿಮಿಷ. ಚಪ್ಪಾಳೆ. ಆಮೇಲೆ ಚಹಾ, ಗೋಳಿಬಜೆ.

ಜೆಸಿಬಿ ಚಾಲಕನ ಎದುರು ನಿಂತು "ಸ್ವಲ್ಪ ತಡೆಯಪ್ಪಾ, ಇದನ್ನಿನ್ನೂ ಅಳೆದಾಗಿಲ್ಲ" ಎನ್ನುವ ಪಾತ್ರ ಆ ನಾಟಕದಲ್ಲಿ ಯಾರಿಗೂ ಇರಲಿಲ್ಲ. ಅದೊಂದು ಪಾತ್ರವನ್ನು ಸೇರಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ತಾವೇ. ಜಿಲ್ಲಾ ಯೋಜನೆಯನ್ನು ಪ್ರತಿ ವರ್ಷ ಮರುಪರಿಶೀಲಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಆದ್ದರಿಂದ ಬೆಂಗಳೂರಿಗೂ ದೆಹಲಿಗೂ ಬರೆಯದೆ ನೇರವಾಗಿ ತಮಗೇ ಬರೆಯುತ್ತಿದ್ದೇನೆ.

ಸಂಜೆ ಕದ್ರಿ ಪಾರ್ಕಿನಲ್ಲಿ ನನ್ನೊಡನೆ ನಡೆಯುವ ಗೆಳೆಯರೊಬ್ಬರಿದ್ದಾರೆ. ಪದವಿಪೂರ್ವ ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವರು. ನಾವಿಬ್ಬರೂ ಹದಿನೈದು ವರ್ಷಗಳಿಂದ ಒಂದೇ ಕಟ್ಟಡದ ಬಗ್ಗೆ ಜಗಳವಾಡುತ್ತಿದ್ದೇವೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಎರಡು ಗೋಪುರಗಳು ಬಿದ್ದದ್ದು ಎಲ್ಲರಿಗೂ ಗೊತ್ತು. ಅದೇ ದಿನ ಸಂಜೆ 5 ಗಂಟೆ 20 ನಿಮಿಷಕ್ಕೆ ಮೂರನೆಯದೊಂದು ಬಿತ್ತು. ವಿಶ್ವ ವಾಣಿಜ್ಯ ಕೇಂದ್ರದ ಏಳನೆಯ ಕಟ್ಟಡ, 47 ಮಹಡಿ. ಅದಕ್ಕೆ ವಿಮಾನ ಬಡಿದಿರಲಿಲ್ಲ. ನೂರು ಮೀಟರಿಗೂ ದೂರದಲ್ಲಿದ್ದ ಉತ್ತರ ಗೋಪುರ ಬಿದ್ದಾಗ ಸಿಡಿದ ಅವಶೇಷಗಳಿಂದ ಬೆಂಕಿ ಹತ್ತಿತು, ನಲ್ಲಿ ನೀರಿನ ಮುಖ್ಯ ಕೊಳವೆ ಒಡೆದಿತ್ತು, ಏಳು ಗಂಟೆ ಉರಿಯಿತು, ಬಿತ್ತು. ಒಳಗಿದ್ದವರನ್ನು ಮೊದಲೇ ಹೊರಗೆ ಕಳುಹಿಸಿದ್ದರಿಂದ ಅದರಲ್ಲಿ ಯಾರೂ ಸಾಯಲಿಲ್ಲ. ಸತ್ತವರಿಲ್ಲದ ಆ ಕಟ್ಟಡದ ಬಗ್ಗೆಯೇ ಇಪ್ಪತ್ತು ವರ್ಷಕ್ಕೂ ಮೀರಿ ವಾದ ನಡೆದಿದೆ.

ನನ್ನ ಗೆಳೆಯರ ಪಕ್ಷ: ಅದನ್ನು ಒಳಗೆ ಸ್ಫೋಟಕ ಇಟ್ಟು ಬೀಳಿಸಿದರು. ನನ್ನ ಪಕ್ಷ: ಬೆಂಕಿ ಬೀಳಿಸಿತು. ನಾನು ಇಂದಿಗೂ ನನ್ನ ಪಕ್ಷದಲ್ಲೇ ಇದ್ದೇನೆ. ಆದರೆ ಜಗಳವಾಡುತ್ತಾ ಆಡುತ್ತಾ ನನಗೆ ಅರ್ಥವಾದದ್ದೇನೆಂದರೆ, ಅವರ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ಇಲ್ಲದಿರುವುದು ಅವರ ತಪ್ಪಲ್ಲ. ಉತ್ತರ ಇದ್ದ ವಸ್ತುವನ್ನು ಲಾರಿಗೆ ಹಾಕಿ ಕಳುಹಿಸಿದ್ದಾರೆ.

ಅಲ್ಲಿ ಆದದ್ದು ಇಷ್ಟು. ರಾಶಿಯಡಿ ಬದುಕಿದ್ದವರನ್ನು ಹುಡುಕಬೇಕಿತ್ತು. ಅದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಹುಡುಕಾಟದ ಬೆನ್ನಿಗೇ ಉಕ್ಕನ್ನು ಗುಜರಿಯಾಗಿ ಮಾರುವ ಕೆಲಸ ಆರಂಭವಾಯಿತು. ಚೀನಾದ ಉಕ್ಕಿನ ಕಾರ್ಖಾನೆಗೆ ಹೋಯಿತು, ನಮ್ಮ ಚೆನ್ನೈ ಬಂದರಿಗೂ ಬಂತು. ಇದು ಕಟ್ಟುಕಥೆಯಲ್ಲ, ಆಗ ಪತ್ರಿಕೆಗಳಲ್ಲೇ ಬಂದ ಸುದ್ದಿ. ಕದ್ದು ಮಾರಿಕೊಂಡಾರು ಎಂಬ ಭಯಕ್ಕೆ ಲಾರಿಗಳಿಗೆ ಜಿಪಿಎಸ್ ಅಳವಡಿಸಿದ್ದರು. ಯಾವ ಲಾರಿ ಯಾವ ರಸ್ತೆಯಲ್ಲಿದೆ ಎಂಬುದು ಗೊತ್ತಿತ್ತು. ಅದರೊಳಗೆ ಇದ್ದದ್ದು ಯಾವ ಮಹಡಿಯ ಯಾವ ಕಂಬ ಎಂಬುದು ಗೊತ್ತಿರಲಿಲ್ಲ. ಮೊದಲು ಬಂದ ತಜ್ಞರ ತಂಡಕ್ಕೆ ನಕ್ಷೆಗಳು ಬೇಗ ಸಿಗಲಿಲ್ಲ, ಯಾರನ್ನೂ ಕರೆಸಿ ಕೇಳುವ ಅಧಿಕಾರವೂ ಇರಲಿಲ್ಲ. ಬರ್ಕ್ಲಿಯ ಪ್ರಾಧ್ಯಾಪಕರೊಬ್ಬರು ಗುಜರಿ ಅಂಗಳಕ್ಕೇ ಹೋಗಿ ಕಂಬಗಳನ್ನು ಹುಡುಕಬೇಕಾಯಿತು. ಅಗ್ನಿಶಾಮಕ ವೃತ್ತಿಯ ಪತ್ರಿಕೆಯ ಸಂಪಾದಕರೇ 2002ರ ಜನವರಿಯಲ್ಲಿ ಈ ತನಿಖೆಯನ್ನು ಪ್ರಹಸನವೆಂದು ಜರೆದು ಬರೆದರು. ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿ ಇದೇ ದೂರುಗಳನ್ನು ಕೇಳಿಸಿಕೊಂಡಿತು. ಮೇ ತಿಂಗಳಲ್ಲಿ ಬಂದ ಫೆಮಾ, ಅಂದರೆ ಆ ದೇಶದ ವಿಪತ್ತು ನಿರ್ವಹಣಾ ಸಂಸ್ಥೆಯ ವರದಿ ಏಳನೆಯ ಕಟ್ಟಡದ ಬಗ್ಗೆ ಹೇಳಿದ್ದನ್ನು ಗೆಳೆಯರು ನನಗೆ ವಾರಕ್ಕೊಮ್ಮೆ ನೆನಪಿಸುತ್ತಾರೆ: ತಮಗೆ ತೋಚಿದ ಅತ್ಯುತ್ತಮ ವಿವರಣೆಯೂ ನಡೆದಿರುವ ಸಂಭವ ಕಡಿಮೆ, ಇನ್ನಷ್ಟು ತನಿಖೆ ಬೇಕು.

ಅದೇ ವರದಿಯ ಅನುಬಂಧವೊಂದರಲ್ಲಿ ಒಂದು ಉಕ್ಕಿನ ತುಂಡಿನ ಚಿತ್ರ ಇದೆ. ಏಳನೆಯ ಕಟ್ಟಡದ್ದಿರಬಹುದು ಎಂದು ಭಾವಿಸಿದ ತುಂಡು. ಗೆದ್ದಲು ತಿಂದ ಮರದ ಹಾಗೆ ಅಂಚು ಸವೆದು ಬ್ಲೇಡಿನಷ್ಟು ತೆಳ್ಳಗಾಗಿದೆ, ನಡುವೆ ತೂತುಗಳು. ಬಿಸಿಯಲ್ಲಿ ಗಂಧಕ ಸೇರಿ ಉಕ್ಕನ್ನು ತಿಂದಿದೆ ಎಂದು ವೂಸ್ಟರ್ ಪಾಲಿಟೆಕ್ನಿಕ್‌ನ ಪ್ರಾಧ್ಯಾಪಕರು ಕಂಡುಕೊಂಡರು. ಗಂಧಕ ಎಲ್ಲಿಂದ ಬಂತು, ಕಟ್ಟಡ ನಿಂತಿದ್ದಾಗ ತಿಂದಿತೋ ಬಿದ್ದ ಮೇಲೆ ವಾರಗಟ್ಟಲೆ ಹೊಗೆಯಾಡಿದ ರಾಶಿಯಲ್ಲಿ ತಿಂದಿತೋ? ರಾಶಿಯ ಯಾವ ಆಳದಲ್ಲಿ, ಯಾವ ದಿನ ಸಿಕ್ಕಿತು ಎಂದು ಯಾರಾದರೂ ಒಂದು ಚೀಟಿ ಅಂಟಿಸಿದ್ದರೆ ಜಗಳ ಅರ್ಧದಷ್ಟು ಕಡಿಮೆಯಾಗುತ್ತಿತ್ತು.

ಆಮೇಲೆ ತನಿಖೆಯನ್ನು ವಹಿಸಿಕೊಂಡದ್ದು ನಿಸ್ಟ್, ಅಂದರೆ ಆ ದೇಶದ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ. ಅವಳಿ ಗೋಪುರಗಳ ವರದಿ 2005ರಲ್ಲಿ, ಏಳನೆಯ ಕಟ್ಟಡದ ವರದಿ 2008ರ ನವೆಂಬರಿನಲ್ಲಿ ಬಂತು. ಅವರ ಬಳಿ ಉಳಿದಿದ್ದ ಉಕ್ಕಿನ ತುಂಡುಗಳು 236. ಗೋಪುರಗಳ ಕಂಬಗಳ ಮೇಲೆ ತಯಾರಿಕೆಯ ಕಾಲದಲ್ಲಿ ಒತ್ತಿದ ಗುರುತುಗಳಿದ್ದುದರಿಂದ ಯಾವುದು ಎಲ್ಲಿಯದೆಂದು ಹೇಳಬಹುದಿತ್ತು. ಏಳನೆಯ ಕಟ್ಟಡದ ಉಕ್ಕಿಗೆ ಆ ಗುರುತೂ ಇರಲಿಲ್ಲ. ಹಾಗಾಗಿ ಇದು ಖಂಡಿತ ಅಲ್ಲಿಯದೇ ಎನ್ನಬಹುದಾದ ಒಂದು ತುಂಡೂ ಇಲ್ಲದೆ, ನಕ್ಷೆ, ವಿಡಿಯೊ ಮತ್ತು ಕಂಪ್ಯೂಟರ್ ಲೆಕ್ಕದ ಮೇಲೆ ಆ ವರದಿ ನಿಂತಿದೆ.

ವರದಿಯ ಸಾರ ಸರಳ. ವಾಟ್ಸ್‌ಆ್ಯಪ್ಪಿನಲ್ಲಿ ಓಡಾಡುವಂತೆ ಉಕ್ಕು ಕರಗಬೇಕಾದ ಅಗತ್ಯವೇ ಇಲ್ಲ. ಅದು ಕರಗಲು ಸುಮಾರು 1500 ಡಿಗ್ರಿ ಬೇಕು, ನಿಜ. ಆದರೆ 600 ಡಿಗ್ರಿಯ ಹೊತ್ತಿಗೇ ಅದರ ಬಲ ಅರ್ಧಕ್ಕಿಳಿದಿರುತ್ತದೆ. ನಮ್ಮ ಊರಿನ ಆಚಾರಿ ಕುಲುಮೆಯಲ್ಲಿ ಸರಳನ್ನು ಕರಗಿಸಿ ಕತ್ತಿ ಮಾಡುವುದಿಲ್ಲ, ಕೆಂಪಗಾಗಿಸಿ ಬಗ್ಗಿಸುತ್ತಾನೆ. ಏಳನೆಯ ಕಟ್ಟಡದಲ್ಲಿ ಅಷ್ಟೂ ಬೇಕಾಗಲಿಲ್ಲ, ಹಿಗ್ಗುವಿಕೆಯೇ ಸಾಕಾಯಿತು ಎನ್ನುತ್ತದೆ ನಿಸ್ಟ್. 16 ಮೀಟರ್ ಉದ್ದದ ಉಕ್ಕಿನ ತೊಲೆ 600 ಡಿಗ್ರಿಗೆ ಏರಿದರೆ ಹೆಚ್ಚುಕಡಿಮೆ 14 ಸೆಂಟಿಮೀಟರ್ ಹಿಗ್ಗುತ್ತದೆ. ಹಾಗೆ ಹಿಗ್ಗಿದ ತೊಲೆಗಳು 13ನೆಯ ಮಹಡಿಯ ಒಂದು ಗರ್ಡರನ್ನು, ಅಂದರೆ ತೊಲೆಗಳನ್ನು ಹೊರುವ ದೊಡ್ಡ ತೊಲೆಯನ್ನು, ಅದು ಕಂಬದ ಮೇಲೆ ಕೂರುವ ಆಸನದಿಂದ ದೂಡಿದವು, ಅದು ಬಿತ್ತು, ಕೆಳಗಿನ ಮಹಡಿಗಳು ಒಂದರ ಮೇಲೊಂದು ಕುಸಿದವು, ಆಸರೆ ತಪ್ಪಿದ 79ನೆಯ ಕಂಬ ಬಾಗಿತು, ಅದರ ಹಿಂದೆ ಉಳಿದವು.

ಮೂಲ ವರದಿಯಲ್ಲಿ ಗರ್ಡರ್ ಐದೂವರೆ ಇಂಚು ಸರಿದರೆ ಜಾರುತ್ತದೆ ಎಂದಿತ್ತು. ಹೊರಗಿನವರು ನಕ್ಷೆಗಳನ್ನು ಪಡೆದು ನೋಡಿ, ಆಸನದ ಪಟ್ಟಿಯ ಅಗಲ 11 ಇಂಚಲ್ಲ, 12 ಇಂಚು ಎಂದು ತೋರಿಸಿದರು. ಲೆಕ್ಕ ಆರೂಕಾಲು ಇಂಚಿಗೆ ತಿದ್ದುಪಡಿಯಾಯಿತು. ವ್ಯತ್ಯಾಸ ಮುಕ್ಕಾಲು ಇಂಚು, ಅಂದರೆ ಒಂದು ಬೆರಳಿನ ಅಗಲ. ಬೆಂಕಿ ಎಷ್ಟು ಬಿಸಿಯಾಗಿತ್ತು ಎಂಬ ಅಂದಾಜಿನಲ್ಲೇ ಅದಕ್ಕಿಂತ ದೊಡ್ಡ ಹೆಚ್ಚುಕಡಿಮೆ ಇರುವುದರಿಂದ ನನಗೆ ಅದು ಸಿದ್ಧಾಂತವನ್ನು ಉರುಳಿಸುವ ವಿಷಯವೆನಿಸುವುದಿಲ್ಲ. ಆದರೂ ಒಂದು ಬೆರಳಿನ ಅಗಲದ ಬಗ್ಗೆ ಹತ್ತು ವರ್ಷ ವಾದಿಸಬೇಕಾಗಿ ಬಂದದ್ದೇಕೆ? ಆ ಆಸನವನ್ನು ಕಣ್ಣಿನಿಂದ ಕಂಡವರು ಯಾರೂ ಇಲ್ಲದ ಕಾರಣ.

ಬೀಳುವ ವೇಗದ ಕಥೆಯೂ ಹೀಗೆಯೇ. 2008ರ ಆಗಸ್ಟಿನ ಕರಡಿನಲ್ಲಿ, ಕಟ್ಟಡ ಬಿದ್ದ ಸಮಯ ಯಾವ ತಡೆಯೂ ಇಲ್ಲದೆ ಬೀಳುವ ವಸ್ತುವಿನ ಸಮಯಕ್ಕಿಂತ ಶೇಕಡಾ 40ರಷ್ಟು ಹೆಚ್ಚು ಎಂದು ಬರೆದಿದ್ದರು. ಡೇವಿಡ್ ಚಾಂಡ್ಲರ್ ಎಂಬ ಪ್ರೌಢಶಾಲೆಯ ಭೌತಶಾಸ್ತ್ರ ಶಿಕ್ಷಕರು ವಿಡಿಯೊವನ್ನು ಚೌಕಟ್ಟು ಚೌಕಟ್ಟಾಗಿ ಅಳೆದು, ನಡುವೆ ಎರಡೂಕಾಲು ಸೆಕೆಂಡು ಅದು ಸಂಪೂರ್ಣ ಮುಕ್ತವಾಗಿ ಬಿದ್ದಿದೆ ಎಂದು ಹೇಳಿದರು. ಅಂತಿಮ ವರದಿಯಲ್ಲಿ ನಿಸ್ಟ್ ಅದನ್ನು ಒಪ್ಪಿಕೊಂಡಿತು: 2.25 ಸೆಕೆಂಡು, ಸುಮಾರು 32 ಮೀಟರ್, ಎಂಟು ಮಹಡಿಯಷ್ಟು ಎತ್ತರ. ನನ್ನ ಗೆಳೆಯರಿಗೆ ಇದು ತಮ್ಮದೇ ವೃತ್ತಿಬಾಂಧವರ ವಿಜಯ. ಇದನ್ನು ಹೇಳುವಾಗ ಅವರ ನಡಿಗೆಯ ವೇಗವೂ ಹೆಚ್ಚಾಗುತ್ತದೆ. ಹೊರಗೋಡೆಯ ಕಂಬಗಳು ಬಾಗಿ ಶಕ್ತಿ ಕಳೆದುಕೊಂಡ ಮೇಲೆ ಅಷ್ಟು ಹೊತ್ತು ಅಡ್ಡಿ ಇಲ್ಲದಿರುವುದು ಸಾಧ್ಯ ಎಂದು ನಾನು ಹೇಳುತ್ತೇನೆ. ಅವರು ಕೇಳುತ್ತಾರೆ: "ಸಾಧ್ಯವೇ ಆಗಿದ್ದರೆ ಕರಡಿನಲ್ಲಿ ಏಕೆ ಮುಚ್ಚಿಟ್ಟರು?" ಮುಚ್ಚಿಟ್ಟದ್ದಲ್ಲ, ಸರಾಸರಿಯಲ್ಲಿ ಕಾಣದೆ ಹೋದದ್ದು ಎಂಬ ನನ್ನ ಉತ್ತರ ನನ್ನ ಬಾಯಲ್ಲೇ ಸಪ್ಪೆಯಾಗುತ್ತದೆ.

ಸ್ಫೋಟಕಗಳ ಕುರುಹಿಗಾಗಿ ನಿಸ್ಟ್ ಪ್ರಯೋಗಾಲಯ ಪರೀಕ್ಷೆ ಮಾಡಿಸಲಿಲ್ಲ. ಕಂಬ ಕತ್ತರಿಸುವಷ್ಟು ಸ್ಫೋಟಕ ಸಿಡಿದಿದ್ದರೆ ಅರ್ಧ ಮೈಲಿ ದೂರದಲ್ಲೂ 130ರಿಂದ 140 ಡೆಸಿಬೆಲ್ ಸದ್ದು ಕೇಳಬೇಕಿತ್ತು, ಯಾವ ವಿಡಿಯೊದಲ್ಲೂ ಅಂಥ ಸದ್ದಿಲ್ಲ ಎಂಬುದು ಅವರ ಸಮಾಧಾನ. ತರ್ಕ ಗಟ್ಟಿಯಾಗಿದೆ. ಆದರೆ ಪರೀಕ್ಷೆ ಮಾಡಿ ಏನೂ ಇಲ್ಲ ಎನ್ನುವುದಕ್ಕೂ ಏನೂ ಇರಲಾರದು ಎಂದು ಪರೀಕ್ಷೆ ಮಾಡದಿರುವುದಕ್ಕೂ ಜನರ ಕಣ್ಣಲ್ಲಿ ಅಜಗಜಾಂತರ. ಇನ್ನೂ ಕೆಟ್ಟದ್ದು ಆಮೇಲಿನದು. ಕುಸಿತದ ಕಂಪ್ಯೂಟರ್ ಮಾದರಿಗೆ ಕೊಟ್ಟ ಅಂಕಿಅಂಶಗಳನ್ನು ಮಾಹಿತಿ ಹಕ್ಕಿನಡಿ ಕೇಳಿದಾಗ, ಬಹಿರಂಗಪಡಿಸಿದರೆ ಸಾರ್ವಜನಿಕ ಸುರಕ್ಷತೆಗೆ ಧಕ್ಕೆ ಎಂದು ನಿರಾಕರಿಸಿದರು. ವಿದ್ಯಾರ್ಥಿಯೊಬ್ಬ ಲೆಕ್ಕದ ಉತ್ತರ ಮಾತ್ರ ಬರೆದು, ಹೇಗೆ ಬಂತೆಂದು ತೋರಿಸಿದರೆ ಅಪಾಯ ಎಂದಿದ್ದರೆ ನಾನು ಸೊನ್ನೆ ಕೊಡುತ್ತಿದ್ದೆ.

ಆ ಸೊನ್ನೆಯನ್ನು ತುಂಬಲು ಬೇರೆಯವರು ಬಂದರು. ಅಲಾಸ್ಕಾ ವಿಶ್ವವಿದ್ಯಾಲಯದ ಲೆರಾಯ್ ಹಲ್ಸಿ 2020ರ ಮಾರ್ಚ್‌ನಲ್ಲಿ, ಬೆಂಕಿಯಿಂದ ಆ ಕಟ್ಟಡ ಬಿದ್ದದ್ದಲ್ಲ, ಎಲ್ಲ ಕಂಬಗಳೂ ಹೆಚ್ಚುಕಡಿಮೆ ಒಟ್ಟಿಗೇ ಸೋತವು ಎಂಬ ವರದಿ ಕೊಟ್ಟರು. ಹಣ ಕೊಟ್ಟದ್ದು ಆ ತೀರ್ಮಾನಕ್ಕೆ ಮೊದಲೇ ಬಂದಿದ್ದ ಸಂಘಟನೆ. ನಾನು ಓದಿದೆ. ಕಂಬಗಳು ಒಟ್ಟಿಗೆ ಸೋತವು ಎಂದರೆ ಹೇಗೆ ಬಿತ್ತು ಎಂದು ಹೇಳಿದಂತಾಯಿತು, ಏಕೆ ಸೋತವು ಎಂದು ಹೇಳಿದಂತಾಗಲಿಲ್ಲ. ಇತ್ತ ವಿಮೆಯ ದಾವೆಯಲ್ಲಿ ಎರಡೂ ಕಡೆಯವರು ನೇಮಿಸಿದ ಎಂಜಿನಿಯರುಗಳು ಬೆಂಕಿಯೇ ಕಾರಣವೆಂದು ಒಪ್ಪಿಯೂ ಮೊದಲು ಸೋತದ್ದು ಯಾವುದು ಎಂಬಲ್ಲಿ ನಿಸ್ಟ್‌ಗಿಂತ ಬೇರೆ ದಾರಿ ಹಿಡಿದರು. ಕಟ್ಟಡ ಒಂದು, ಕುಸಿತದ ಕಥೆ ನಾಲ್ಕಾರು.

ಇಷ್ಟೆಲ್ಲ ಅಮೆರಿಕದ ಮಾತು ಏಕೆ ಎಂದು ತಾವು ಕೇಳಬಹುದು. ಈಗ ನಮ್ಮೂರಿಗೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ, ಆಟಿ ತಿಂಗಳ ಒಂದು ರಾತ್ರಿ, ಬಂದರು ಪ್ರದೇಶದ ಹಳೆಯ ಗೋದಾಮೊಂದು ಕುಸಿಯಿತು. ಕೆಳಗೆ ಕೆಂಪುಕಲ್ಲಿನ ಗೋಡೆ, ಮೇಲೆ ಆಮೇಲೆ ಯಾರೋ ಹಾಕಿಸಿದ ಕಾಂಕ್ರೀಟ್ ಮಹಡಿ. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಬೀಳುವ ಮೊದಲು 'ಢಂ' ಎಂಬ ಸದ್ದು ಕೇಳಿತು ಎಂದು ನೆರೆಯವರು ಹೇಳಿದ್ದೇ ತಡ, ಬೆಳಿಗ್ಗೆ ಏಳರೊಳಗೆ ಊರೆಲ್ಲ ಬಾಂಬಿನ ಸುದ್ದಿ. ಕಾರಣ ನೋಡಿ ಹೇಳಿ ಎಂದು ನನಗೆ ಕರೆ ಬಂದದ್ದು ಮರುದಿನ ಮಧ್ಯಾಹ್ನ. ಟೇಪು, ಸೀಮೆಸುಣ್ಣ, ಪುಸ್ತಕ ಹಿಡಿದು ಹೋದರೆ ಅಲ್ಲಿ ಮಟ್ಟ ಮಾಡಿದ ನೆಲ. ಮಳೆನೀರು ನಿಂತಿತ್ತು, ಅದರಲ್ಲಿ ಎರಡು ಕೊಕ್ಕರೆ. "ರಸ್ತೆಗೆ ಅಡ್ಡವಾಗಿತ್ತು ಸಾರ್, ತೆಗೆಸಿಬಿಟ್ಟೆವು" ಎಂದರು. ಕಲ್ಲುಮಣ್ಣು ಯಾವುದೋ ತಗ್ಗು ತುಂಬಿಸಲು ಹೋಗಿತ್ತು. ಕಬ್ಬಿಣ ಗುಜರಿ ಅಂಗಡಿಗೆ.

ನಾನು ಗುಜರಿ ಅಂಗಡಿಗೆ ಹೋದೆ. ಅಂಗಡಿಯ ಸಾಹೇಬರು ಒಳ್ಳೆಯವರು, ರಾಶಿ ತೋರಿಸಿ "ಬೇಕಾದ್ದು ಆರಿಸಿಕೊಳ್ಳಿ, ಕೆ.ಜಿ. ಲೆಕ್ಕ" ಎಂದರು. ಒಂದೂವರೆ ಗಂಟೆ ಕುಕ್ಕರುಗಾಲಿನಲ್ಲಿ ಕುಳಿತು ಸರಳುಗಳ ತುದಿಗಳನ್ನು ನೋಡಿದೆ. ತುದಿ ಮಾತನಾಡುತ್ತದೆ. ಒಂದು ಬಗೆಯದ್ದು ಎಳೆದು ಹರಿದ ತುದಿ: ಹರಿಯುವ ಮೊದಲು ಸರಳು ಕತ್ತಿನ ಹಾಗೆ ಸಣ್ಣಗಾಗಿರುತ್ತದೆ, ಕೊನೆಯಲ್ಲಿ ಪುಟ್ಟ ಬಟ್ಟಲಿನಂತೆ ಕುಳಿ. ಇನ್ನೊಂದು ತುಕ್ಕು ತಿಂದದ್ದು: ಹನ್ನೆರಡು ಮಿಲಿಮೀಟರಿನ ಸರಳು ಅಗರಬತ್ತಿಯಷ್ಟಾಗಿ, ಉಗುರಿನಿಂದ ಕೆರೆದರೆ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಏಳುತ್ತದೆ. ಮೂರನೆಯದು ಗ್ಯಾಸ್ ಕಟರಿನದು: ಓರೆಯಾದ ಕಡಿತ, ಅಂಚಿನಲ್ಲಿ ಕರಗಿ ಹೆಪ್ಪುಗಟ್ಟಿದ ಕಬ್ಬಿಣದ ಹನಿಗಳು. ಮೂರು ಬಗೆಯದ್ದೂ ಅಲ್ಲಿತ್ತು. ತುಕ್ಕು ತಿಂದವೇ ಹೆಚ್ಚಿದ್ದವು. ಸಮುದ್ರದ ಉಪ್ಪುಗಾಳಿ, ವರ್ಷಕ್ಕೆ ಮೂರೂವರೆ ಮೀಟರಿಗೂ ಮಿಕ್ಕಿದ ಮಳೆ, ಒಂದಿಂಚೂ ಇಲ್ಲದ ಕಾಂಕ್ರೀಟ್ ಹೊದಿಕೆ; ಕಾರಣ ಅದೇ ಎಂದು ನನ್ನ ಅನುಭವ ಹೇಳಿತು. ಹಾಗೆಯೇ ವರದಿ ಬರೆದೆ. ಆದರೆ ಆ ಸರಳು ಯಾವ ತೊಲೆಯದು, ಬೇರೆ ಕಟ್ಟಡದ ಗುಜರಿ ಅದರಲ್ಲಿ ಬೆರೆತಿಲ್ಲ ಎಂಬುದಕ್ಕೇನು ಖಾತರಿ ಎಂದು ಯಾರಾದರೂ ಕೇಳಿದ್ದರೆ ನನ್ನ ಬಳಿ ಉತ್ತರ ಇರಲಿಲ್ಲ. ಇಂದಿಗೂ ಆ ಓಣಿಯಲ್ಲಿ ಅದು ಬಾಂಬೇ ಎನ್ನುವವರಿದ್ದಾರೆ. ಅವರನ್ನು ಬೈಯುವ ಹಕ್ಕು ನನಗಿಲ್ಲ.

ನ್ಯೂಯಾರ್ಕಿನ ಒಂದು ಚಿತ್ರವನ್ನು ಗೆಳೆಯರು ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾರೆ. ದಪ್ಪ ಉಕ್ಕಿನ ಕಂಬ, ಓರೆಯಾಗಿ ಕತ್ತರಿಸಿದ್ದು, ಅಂಚಿನಲ್ಲಿ ಕರಗಿದ ಲೋಹ. ಬೀಳಿಸಲು ಕತ್ತರಿಸಿದ್ದು ಎನ್ನುತ್ತಾರೆ ಸಂದೇಹಿಗಳು; ತೆರವು ಮಾಡಲು ಕತ್ತರಿಸಿದ್ದು ಎನ್ನುತ್ತಾರೆ ಉಳಿದವರು. ಬಂದರಿನ ಗುಜರಿ ಅಂಗಡಿಯಲ್ಲಿ ಮೂರನೆಯ ಬಗೆಯ ತುದಿಯನ್ನು ಕೈಯಲ್ಲಿ ಹಿಡಿದ ನನಗೆ ಎರಡನೆಯ ಮಾತಿನಲ್ಲಿ ಸಂಶಯವಿಲ್ಲ. ಆದರೆ ಯಾವ ದಿನ ಯಾರು ಕತ್ತರಿಸಿದರು ಎಂಬ ಟಿಪ್ಪಣಿಯೊಂದು ಆ ಚಿತ್ರದ ಜೊತೆ ಸುತ್ತಾಡುತ್ತಿಲ್ಲ. ಚಿತ್ರ ಒಂಟಿಯಾಗಿ ಸುತ್ತಾಡುತ್ತಿದೆ.

ಸಂದೇಹಪಡುವವರೆಲ್ಲ ತಲೆಕೆಟ್ಟವರಲ್ಲ ಎಂಬುದಕ್ಕೆ ಲಂಡನ್ನಿನ ರೋನನ್ ಪಾಯಿಂಟ್ ಸಾಕು. 1968ರ ಮೇ 16ರ ಬೆಳಿಗ್ಗೆ ಆ 22 ಮಹಡಿಯ ಕಟ್ಟಡದ ಹದಿನೆಂಟನೆಯ ಮಹಡಿಯಲ್ಲಿ ಅಡುಗೆ ಅನಿಲ ಸಿಡಿದು ಒಂದು ಮೂಲೆ ಪೂರ್ತಿ ಕುಸಿಯಿತು. ವಿಚಾರಣೆಯಾಯಿತು, ಸಣ್ಣ ಹಾನಿಗೆ ಇಡೀ ಕಟ್ಟಡ ಬೀಳಬಾರದೆಂದು ನಿಯಮ ತಿದ್ದಿದರು, ಆ ಮೂಲೆಯನ್ನು ಮತ್ತೆ ಕಟ್ಟಿ ಜನರನ್ನು ಇರಿಸಿದರು. ಸ್ಯಾಮ್ ವೆಬ್ ಎಂಬ ವಾಸ್ತುಶಿಲ್ಪಿ ಮಾತ್ರ ಒಳಗಿನ ಕೀಲುಗಳೇ ಸರಿಯಿಲ್ಲ ಎಂದು ವರ್ಷಗಟ್ಟಲೆ ಹಟ ಹಿಡಿದರು. 1986ರಲ್ಲಿ ಕೆಡವುವಾಗ ಒಮ್ಮೆಲೇ ಉರುಳಿಸದೆ ಮಹಡಿ ಮಹಡಿಯಾಗಿ ಬಿಚ್ಚಿದರು. ಗಾರೆ ತುಂಬಬೇಕಾದ ಕೀಲುಗಳಲ್ಲಿ ಹಳೆಯ ವೃತ್ತಪತ್ರಿಕೆಗಳು ಸಿಕ್ಕವು. ಒಮ್ಮೆಲೇ ಉರುಳಿಸಿದ್ದರೆ ಅವು ಸಿಗುತ್ತಿರಲಿಲ್ಲ, ವೆಬ್ ಕೊನೆಯವರೆಗೂ ತಕರಾರಿನ ಮನುಷ್ಯನಾಗಿಯೇ ಉಳಿಯುತ್ತಿದ್ದರು.

ತದ್ವಿರುದ್ಧವಾದದ್ದು ಓಕ್ಲಹೋಮಾ ಸಿಟಿ. 1995ರ ಏಪ್ರಿಲ್ 19ರಂದು ಲಾರಿ ಬಾಂಬಿಗೆ 168 ಜನ ಸತ್ತರು. ಮೂರನೆಯ ಮಹಡಿಯ ಮಟ್ಟದಲ್ಲಿದ್ದ ಒಂದು ಉದ್ದನೆಯ ಗರ್ಡರ್ ಮೇಲಿನ ಕಂಬಗಳನ್ನು ಹೊತ್ತಿತ್ತು. ಅದನ್ನು ಹೊತ್ತ ಕೆಲವೇ ಕಂಬಗಳು ಮುರಿದಾಗ ಕಟ್ಟಡದ ಮುಂಭಾಗವೆಲ್ಲ ಇಳಿಯಿತು. ಲಾರಿಯೊಂದರಿಂದಲೇ ಅಷ್ಟು ಹಾನಿ ಅಸಾಧ್ಯ, ಕಂಬಗಳಿಗೆ ಬೇರೆ ಸ್ಫೋಟಕ ಕಟ್ಟಿದ್ದರು ಎಂದು ನಿವೃತ್ತ ಸೇನಾಧಿಕಾರಿಯೊಬ್ಬರು ವಾದಿಸಿದರು. ನಿಂತಿದ್ದ ಉಳಿದ ಭಾಗವನ್ನು ಮೇ 23ರಂದು, ಅಂದರೆ ಐದು ವಾರ ತುಂಬುವ ಮೊದಲೇ, ಉರುಳಿಸಿಬಿಟ್ಟರು. ತಜ್ಞರ ವಿವರಣೆ ಚೆನ್ನಾಗಿಯೇ ಇದೆ, ನಾನು ತರಗತಿಯಲ್ಲಿ ಅದನ್ನೇ ಹೇಳಿದ್ದೇನೆ. ಅವಸರ ಮಾತ್ರ ಅನಾವಶ್ಯಕವಾಗಿ ಎದುರಾಳಿಗೆ ಬಾಯಿ ಕೊಟ್ಟಿತು.

ಇನ್ನು ಕೆಂಜಾರು. 2010ರ ಮೇ 22ರ ಬೆಳಿಗ್ಗೆಯನ್ನು ಈ ಊರಿನ ನನ್ನ ತಲೆಮಾರು ಮರೆಯುವುದಿಲ್ಲ. ದುಬೈಯಿಂದ ಬಂದ ವಿಮಾನ ಬಜಪೆಯ ರನ್‌ವೇ ಮೀರಿ ಕಮರಿಗೆ ಬಿದ್ದು 158 ಜನ ಸತ್ತರು, 8 ಜನ ಉಳಿದರು. ಆ ದಿನವೂ ಬಗೆಬಗೆಯ ಮಾತು ಹುಟ್ಟಿತ್ತು. ಆದರೆ ವಿಮಾನಕ್ಕೊಂದು ಕಾನೂನಿದೆ: ಜನರನ್ನು ಹೊರತೆಗೆಯಲು, ಬೆಂಕಿ ತಡೆಯಲು ಬೇಕಾದಷ್ಟು ಹೊರತು ಅನುಮತಿಯಿಲ್ಲದೆ ಅವಶೇಷಗಳನ್ನು ಅಲುಗಿಸುವಂತಿಲ್ಲ. ಕಪ್ಪು ಪೆಟ್ಟಿಗೆಗಳು ಸಿಕ್ಕವು. ವಿಚಾರಣಾ ನ್ಯಾಯಾಲಯ ಅದೇ ವರ್ಷ ವರದಿ ಕೊಟ್ಟಿತು. ಮುಖ್ಯ ಚಾಲಕರ ಗೊರಕೆಯ ಸದ್ದು, ಮತ್ತೆ ಮೇಲೇರೋಣ ಎಂದು ಸಹಚಾಲಕರು ಮೂರು ಬಾರಿ ಹೇಳಿದ್ದು, ಎಲ್ಲವೂ ಅದರಲ್ಲಿ ಅಚ್ಚಾಯಿತು. ಪರಿಹಾರದ ಬಗ್ಗೆ ಜಗಳ ವರ್ಷಗಟ್ಟಲೆ ನಡೆಯಿತು, ಅದು ಬೇರೆ. ವಿಮಾನ ಏಕೆ ಬಿತ್ತು ಎಂಬುದರ ಬಗ್ಗೆ ಮಾತ್ರ ಕದ್ರಿ ಪಾರ್ಕಿನಲ್ಲಿ ನನ್ನ ಗೆಳೆಯರೂ ತಕರಾರು ತೆಗೆಯುವುದಿಲ್ಲ.

ವಿಮಾನಕ್ಕಿರುವ ಈ ಮರ್ಯಾದೆ ಕಟ್ಟಡಕ್ಕೆ ಇಲ್ಲ. ವಿಪತ್ತು ನಿರ್ವಹಣಾ ಕಾಯ್ದೆಯ 34ನೆಯ ಕಲಂ ಅವಶೇಷಗಳನ್ನು ತೆರವುಗೊಳಿಸುವ ಅಧಿಕಾರವನ್ನು ತಮ್ಮ ಪ್ರಾಧಿಕಾರಕ್ಕೆ ಕೊಡುತ್ತದೆ. ತೆರವಿಗೆ ಮೊದಲು ಅಳೆಯಿರಿ ಎಂದು ಹೇಳುವುದಿಲ್ಲ. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಿ ವಿಡಿಯೊ ಮಾಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೆಯ ಕಲಂ ಹೇಳುತ್ತದೆ. ಒಳ್ಳೆಯದೇ. ಆದರೆ ಪ್ರಯೋಗಾಲಯದವರು ಹುಡುಕುವುದು ಸಿಡಿದದ್ದೇನು, ಸಿಡಿಸಿದವರು ಯಾರು ಎಂಬುದನ್ನು. ಕಟ್ಟಡ ಏಕೆ ನಿಲ್ಲಲಿಲ್ಲ ಎಂಬುದು ಬೇರೆಯೇ ಪ್ರಶ್ನೆ. ಐದು ಕೆ.ಜಿ. ಸ್ಫೋಟಕಕ್ಕೆ ಒಂದು ಕಂಬ ಮುರಿಯುವುದು ಉಗ್ರನ ಪಾಪ. ಒಂದು ಕಂಬ ಮುರಿದದ್ದಕ್ಕೆ ಐದು ಮಹಡಿ ಬಿದ್ದರೆ ಅದರಲ್ಲಿ ಕಂಬದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗ್ ಕಡಿಮೆ ಹಾಕಿದವರ ಪಾಲೂ ಇದೆ. ಮಹಜರಿನಲ್ಲಿ ಮೊದಲನೆಯದು ಮಾತ್ರ ಬರುತ್ತದೆ. ಎರಡನೆಯದು ಟಿಪ್ಪರಿನಲ್ಲಿ ಹೋಗುತ್ತದೆ. ಕಟ್ಟಿದವರಿಗೆ ಇದರಷ್ಟು ಅನುಕೂಲ ಬೇರೊಂದಿಲ್ಲ.

ಭಯೋತ್ಪಾದನೆಯ ಪ್ರಕರಣವಾದರೆ ಇನ್ನೊಂದು ಬೀಗ ಬೀಳುತ್ತದೆ. 2022ರ ನವೆಂಬರ್ 19ರಂದು ನಮ್ಮ ನಗರದಲ್ಲಿ ಆಟೊರಿಕ್ಷಾದೊಳಗೆ ಕುಕ್ಕರ್ ಬಾಂಬ್ ಸಿಡಿಯಿತು. ಸಂಜೆ ಅದು ಬರಿಯ ಬೆಂಕಿ ಅನಾಹುತ ಎಂದು ಕೇಳಿದ್ದೆವು, ಮರುದಿನ ಬೆಳಿಗ್ಗೆ ಉಗ್ರ ಕೃತ್ಯವೆಂದು ಪೊಲೀಸ್ ಮಹಾನಿರ್ದೇಶಕರೇ ಪ್ರಕಟಿಸಿದರು. ಪ್ರಕರಣ ರಾಷ್ಟ್ರೀಯ ತನಿಖಾ ದಳಕ್ಕೆ ಹೋಯಿತು. ಆ ದಳ 2011ರಿಂದ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯ ಹೊರಗಿದೆ. ಆರೋಪಿಗಳ ಜಾಡು ಗುಟ್ಟಾಗಿರಬೇಕು, ಒಪ್ಪುತ್ತೇನೆ. ಅಂದು ಸಿಡಿದದ್ದು ರಿಕ್ಷಾದಲ್ಲಿ. ನಾಳೆ ಮಾರುಕಟ್ಟೆಯ ಸಂಕೀರ್ಣವೊಂದರ ನೆಲಮಹಡಿಯಲ್ಲಾದರೆ, ಕಾಂಕ್ರೀಟಿನ ಬಲದ ಅಂಕಿಯೂ ಅದೇ ಲಕೋಟೆಯೊಳಗೆ ಹೋಗಬೇಕೇ? ಪಕ್ಕದ ಬೀದಿಯಲ್ಲಿ ಅದೇ ಗುತ್ತಿಗೆದಾರ ಕಟ್ಟಿದ ಕಟ್ಟಡದಲ್ಲಿ ಮಲಗುವವರಿಗೆ ಆ ಅಂಕಿ ಬೇಕು.

ಅಮೆರಿಕದವರು ಪೆಟ್ಟು ತಿಂದು ಕಲಿತದ್ದು ಒಂದಿದೆ. 2002ರ ಅಕ್ಟೋಬರಿನಲ್ಲಿ ಕಟ್ಟಡ ಸುರಕ್ಷತಾ ತಂಡಗಳ ಕಾಯ್ದೆ ತಂದು, ಸ್ಥಳ ಪ್ರವೇಶಿಸುವ, ಸಾಕ್ಷ್ಯ ಉಳಿಸುವ, ಕಾಗದ ಕೇಳುವ ಅಧಿಕಾರವನ್ನು ನಿಸ್ಟ್‌ಗೆ ಕೊಟ್ಟರು. 2021ರ ಜೂನ್ 24ರಂದು ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ ವಸತಿ ಕಟ್ಟಡ ಕುಸಿದು 98 ಜನ ಸತ್ತಾಗ, ಮುಖ್ಯ ತುಂಡುಗಳಿಗೆ ಗುರುತು ಹಾಕಿ ಗೋದಾಮಿನಲ್ಲಿ ಇಡಲು ಸಾಧ್ಯವಾದದ್ದು ಆ ಕಾಯ್ದೆಯಿಂದ. ಅಂಥ ಕಾಯ್ದೆ ನಮ್ಮಲ್ಲಿ ಬರುವವರೆಗೆ ನಾನು ಬದುಕಿರುವ ಭರವಸೆ ಇಲ್ಲ. ಆದರೆ ಜಿಲ್ಲಾ ಯೋಜನೆಗೆ ಎರಡು ಪುಟ ಸೇರಿಸಲು ತಮ್ಮ ಸಹಿ ಸಾಕು.

ಏನು ಬರೆಯಬೇಕೆಂದು ಬಿಡಿಸಿ ಹೇಳುತ್ತೇನೆ. ಜೀವ ಉಳಿಸುವ ಕೆಲಸ ಒಂದು ಕ್ಷಣವೂ ನಿಲ್ಲಬಾರದು, ಇದು ಮೊದಲ ಸಾಲಾಗಿರಲಿ. ರಕ್ಷಣಾ ತಂಡದ ಜೊತೆಯಲ್ಲೇ ಕಟ್ಟಡ ರಚನೆಯನ್ನು ಬಲ್ಲ ಇಬ್ಬರು ಎಂಜಿನಿಯರುಗಳು ಇರಲಿ. ಸುರತ್ಕಲ್ಲಿನ ಎನ್‌ಐಟಿಕೆ ಅರ್ಧ ಗಂಟೆಯ ದಾರಿ, ಹೆಸರುಗಳನ್ನು ಮೊದಲೇ ಗೊತ್ತು ಮಾಡಿಡಬಹುದು. ಗ್ಯಾಸ್ ಕಟರ್ ತಾಗಿಸುವ ಮೊದಲು ಮೊಬೈಲಿನಲ್ಲಿ ಒಂದು ಚಿತ್ರ, ತುಂಡಿನ ಮೇಲೆ ಒಂದು ಸಂಖ್ಯೆ. ನಾವೇ ಕತ್ತರಿಸಿದ ತುದಿಗೆ ಕೆಂಪು ಬಣ್ಣ. ಒಂದು ತುಂಡಿಗೆ ಹತ್ತು ಸೆಕೆಂಡಿನ ಕೆಲಸ. ಕಬ್ಬಿಣ ಆ ಸಂಜೆ ಗುಜರಿಗೆ ಹೋಗುವ ಬದಲು ಸರ್ಕಾರಿ ಅಂಗಳವೊಂದಕ್ಕೆ ಹೋಗಲಿ. ಟಾರ್ಪಾಲು ಹೊದಿಸಲೇಬೇಕು: ನಮ್ಮ ಮಳೆಯಲ್ಲಿ ಹೊಸದಾಗಿ ಮುರಿದ ತುದಿ ವಾರದೊಳಗೆ ಕಂದಾಗಿ ಹಳೆಯ ತುಕ್ಕಿನ ವೇಷ ಹಾಕಿಕೊಳ್ಳುತ್ತದೆ. ಕಾಂಕ್ರೀಟಿನ ಕೆಲವು ತುಂಡುಗಳನ್ನು ಇಬ್ಬರು ಬೇರೆ ಬೇರೆ ಪರೀಕ್ಷಕರಿಗೆ ಕೊಡಿ. ಸ್ಫೋಟಕದ ಕುರುಹು ಇಲ್ಲವೆಂದು ಎಲ್ಲರಿಗೂ ಖಚಿತವಿದ್ದರೂ ಪರೀಕ್ಷೆ ಮಾಡಿಸಿ. ಆ ಖರ್ಚು ವದಂತಿ ತಣಿಸಲು ಹಾಕುವ ಬಂದೋಬಸ್ತಿಗಿಂತ ಕಡಿಮೆ. ಕಟ್ಟಡದ ವರದಿಯನ್ನು ಅಪರಾಧದ ವರದಿಯಿಂದ ಬೇರ್ಪಡಿಸಿ, ನಕ್ಷೆ, ಅಳತೆ, ಲೆಕ್ಕ ಸಮೇತ ಕನ್ನಡದಲ್ಲಿ ಪ್ರಕಟಿಸಿ. ತಪ್ಪು ಹುಡುಕುವವರು ಹುಡುಕಲಿ. ಯಾರಾದರೂ ಶಾಲಾ ಶಿಕ್ಷಕರು ನನ್ನ ಲೆಕ್ಕದಲ್ಲಿ ಒಂದು ಬೆರಳಿನ ಅಗಲ ತಪ್ಪಿದೆ ಎಂದು ತೋರಿಸಿದರೆ, ತಿದ್ದಿ, ಅವರ ಹೆಸರನ್ನೂ ಹಾಕೋಣ.

ಈ ಪತ್ರದ ಕರಡನ್ನು ಗೆಳೆಯರಿಗೆ ಓದಿಸಿದೆ. ಏಳನೆಯ ಕಟ್ಟಡದ ಬಗ್ಗೆ ನಾನು ಬರೆದದ್ದರಲ್ಲಿ ಅರ್ಧ ಸುಳ್ಳು, ಕೊನೆಯ ಎರಡು ಪುಟ ಮಾತ್ರ ಸರಿ ಎಂದರು. ಅವರೂ ಸಹಿ ಹಾಕಲು ಸಿದ್ಧರಿದ್ದಾರೆ.

ಮುಂದಿನ ಅಣಕು ಕಾರ್ಯಾಚರಣೆಗೆ ಟೇಪು, ಸೀಮೆಸುಣ್ಣ, ಕೆಂಪು ಬಣ್ಣದ ಡಬ್ಬಿಯನ್ನು ನಾನೇ ತರುತ್ತೇನೆ. ಕೆ.ಜಿ. ಲೆಕ್ಕದಲ್ಲಿ ಕೊಂಡ ಆ ಮೂರು ಸರಳುಗಳು ಇನ್ನೂ ನನ್ನ ಮನೆಯ ಜಗಲಿಯಲ್ಲಿವೆ. ಸಮಯ ಕೊಟ್ಟರೆ ತಮ್ಮ ಕಚೇರಿಗೆ ತಂದು ತುದಿಗಳನ್ನು ತೋರಿಸುತ್ತೇನೆ. ಗೇಟಿನಲ್ಲಿ ಪೊಲೀಸರು ತಡೆಯದಂತೆ ಮೊದಲೇ ಒಂದು ಮಾತು ಹೇಳಿಡಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕಟ್ಟಡ ಎಂಜಿನಿಯರ್
ಕದ್ರಿ, ಮಂಗಳೂರು